ಶೇಂಗಾ ಸಿಪ್ಪೆ ಹಾರಿಸಿದ ಉಸಿರು

ಕೊರೊನಾ ಕಾಲ ಮುಗಿದ ಮರುವರ್ಷ ಕಲಘಟಗಿಯ ನನ್ನ ದವಾಖಾನೆಗೆ ಸ್ಪೈರೋಮೀಟರ್ ತರಿಸಿದೆ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದುಕೊಂಡು ಕೊಳವೆಯೊಳಗೆ ಒಮ್ಮೆಲೇ ಜೋರಾಗಿ ಊದಿದರೆ ಶ್ವಾಸಕೋಶದ ಶಕ್ತಿ ಎಷ್ಟೆಂದು ಅದು ತೋರಿಸುತ್ತದೆ. ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿಗೆ ಎಫ್‌ಇವಿ-1 ಎನ್ನುತ್ತೇವೆ. ಉಸಿರ್ನಾಳ ಕಿರಿದಾಗಿದ್ದರೆ ಈ ಅಂಕಿ ಇಳಿಯುತ್ತದೆ. ಯಂತ್ರವೇನೋ ಸರಳ. ಊದಿಸುವುದೇ ಕಷ್ಟ, ಅದರಲ್ಲೂ ನನ್ನಂಥ ಮುಂಗೋಪಿಗೆ.

ದುಮ್ಮವಾಡದ ಗಂಗವ್ವ ಗಂಡ ಈರಪ್ಪನ ಜೊತೆ ಬಂದದ್ದು ಆ ದಿನಗಳಲ್ಲೇ. ಗರ್ಭಕೋಶದಲ್ಲಿ ಗಡ್ಡೆ, ತಿಂಗಳುಗಟ್ಟಲೆ ರಕ್ತಸ್ರಾವ. ಮುಖ ಪೂರ್ತಿ ಬಿಳಿಚಿಕೊಂಡಿತ್ತು. ಆಪರೇಶನ್ ಆಗಲೇಬೇಕಿತ್ತು. ಆದರೆ ಕೆಮ್ಮು, ದಮ್ಮು ಇದ್ದುದರಿಂದ ಹುಬ್ಬಳ್ಳಿಯ ಅರಿವಳಿಕೆ ತಜ್ಞರು ಶ್ವಾಸಕೋಶದ ರಿಪೋರ್ಟ್ ಕೇಳಿದ್ದರು. ಅದು ತೀರಾ ಕೆಟ್ಟದಾಗಿ ಬಂದರೆ ಆಪರೇಶನ್ ಮುಂದಕ್ಕೆ ಹೋಗುತ್ತಿತ್ತು.

ಮೂರು ಸಲ ಊದಿಸಿದೆ. ಎಫ್‌ಇವಿ-1 ಇರಬೇಕಾದದ್ದರ ಅರ್ಧಕ್ಕೂ ಬರಲಿಲ್ಲ. "ಜೋರ್ ಊದ್ರಿ" ಎಂದು ಗದರಿದೆ.

"ನನ್ನ ಬೈಯುವಾಗ ಉಸರು ಎಲ್ಲಿಂದ ಬರತೈತಿ ಕೇಳ್ರಿ ಸಾಹೇಬ್ರ" ಎಂದ ಈರಪ್ಪ.

ಗಂಗವ್ವ ನಗಲಿಲ್ಲ. "ಹಂಗಾರ ಆಪರೇಶನ್ ಆಗೂದಿಲ್ಲೇನ್ರಿ?" ಎಂದಳು.

ಆ ದನಿ ಕೇಳಿ ನನ್ನ ಸಿಟ್ಟು ಜರ್ರನೆ ಇಳಿಯಿತು. ಪರದೆಯ ಗೆರೆಯನ್ನು ಮತ್ತೊಮ್ಮೆ ನೋಡಿದೆ. ಸರಿಯಾಗಿ ಊದಿದರೆ ಅದು ಮೊದಲಿಗೇ ಕಡಿದಾಗಿ ಏರಬೇಕು. ಈಕೆಯದು ನಿಧಾನವಾಗಿ ಏರಿತ್ತು, ಆದರೆ ಒಟ್ಟು ಗಾಳಿ ಕಡಿಮೆ ಇರಲಿಲ್ಲ. ಉಸಿರು ಇತ್ತು, ಬಿಡುವ ರೀತಿ ಬೇರೆಯಾಗಿತ್ತು.

"ಮನ್ಯಾಗ ಹಿಂಗ ಏನರ ಊದ್ತೀರೇನು?"

"ಒಲಿ ಊದ್ತೀನ್ರಿ. ಕೊಳವಿಯೊಳಗ ಸಾವಕಾಶ ಊದಬೇಕ್ರಿ. ಜೋರ್ ಊದಿದ್ರ ಬೂದಿ ಎದ್ದು ರೊಟ್ಟಿ ಮ್ಯಾಲ ಬೀಳತೈತಿ."

ಮದುವೆಯಾದಂದಿನಿಂದ ಕಲಿತದ್ದನ್ನೇ ಆಕೆ ನನ್ನ ಕೊಳವೆಗೂ ಮಾಡಿದ್ದಳು. ಜೋರಾಗಿ ಊದುವ ಕೆಲಸ ಯಾವುದೂ ಇಲ್ಲವೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಹುರದ ಶೇಂಗಾ ಅಂಗೈಯಾಗ ತಿಕ್ಕಿ ಸಿಪ್ಪಿ ಹಾರಸ್ತೀನ್ರಿ, ಒಂದ ಏಟಿಗೆ" ಎಂದಳು.

ಈರಪ್ಪನನ್ನು ಎದುರಿನ ಅಂಗಡಿಗೆ ಓಡಿಸಿದೆ. ಗಂಗವ್ವ ಒಂದು ಹಿಡಿ ಶೇಂಗಾ ತಿಕ್ಕಿ ಊದಿದಳು. ಸಿಪ್ಪೆ ನನ್ನ ಮೇಜು, ಕನ್ನಡಕ, ಚಹಾದ ಕಪ್ಪು ಎಲ್ಲ ಸೇರಿತು. ಅದೇ ಉಸಿರನ್ನು ಕೊಳವೆಗೆ ಕೊಡಿಸಿದೆ. ಗೆರೆ ಸರಕ್ಕನೆ ಮೇಲೇರಿತು: ಇರಬೇಕಾದದ್ದರ ಶೇಕಡಾ ಎಪ್ಪತ್ತು. ಸಾಲ್ಬುಟಮಾಲ್ ಎಂಬ ಉಸಿರ್ನಾಳ ಹಿಗ್ಗಿಸುವ ಔಷಧ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದಾಗ ಎಂಬತ್ತನಾಲ್ಕು. ಇದ್ದದ್ದು ಔಷಧಕ್ಕೆ ಬಗ್ಗುವ ಅಸ್ತಮಾ. ಕೆಲವು ವಾರ ಇನ್‌ಹೇಲರ್ ಕೊಟ್ಟೆ, ಒಲೆಯ ಹೊಗೆಯಿಂದ ದೂರವಿರಲು ಹೇಳಿದೆ. ಆಮೇಲೆ ಆಪರೇಶನ್ ಸುಸೂತ್ರವಾಗಿ ಆಯಿತು.

ಸುಧಾರಿಸಿಕೊಂಡ ಮೇಲೆ ಆಕೆ ತಮ್ಮ ಹೊಲದ ಶೇಂಗಾ ಹಿಡಿದು ಬಂದಳು. ಮುಖಕ್ಕೆ ಬಣ್ಣ ಬಂದಿತ್ತು. ಒಳಗೆ ಒಬ್ಬ ಮುದುಕ ಊದಲಾರದೆ ಒದ್ದಾಡುತ್ತಿದ್ದ. ಬಾಗಿಲಲ್ಲೇ ನಿಂತು, "ಅಜ್ಜಾ, ಅಂಗೈಯಾಗ ಶೇಂಗಾ ಅದಾವಂತ ತಿಳ್ಕೋರಿ" ಎಂದಳು. ಅಜ್ಜ ಊದಿದ.

ಅಂಕಿ ನಂಬುವ ಮೊದಲು ಊದಿದವರನ್ನು ಮಾತಾಡಿಸಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ಈಗ ನನ್ನ ಡ್ರಾಯರಿನಲ್ಲಿ ಶೇಂಗಾ ಡಬ್ಬಿ ಇರುತ್ತದೆ. ಅವತ್ತು ಆಕೆ "ಆಪರೇಶನ್ ಆಗೂದಿಲ್ಲೇನ್ರಿ" ಎಂದು ಕೇಳದಿದ್ದರೆ ಮೊದಲ ರಿಪೋರ್ಟಿಗೇ ನಾನು ಸಹಿ ಹಾಕಿಬಿಡುತ್ತಿದ್ದೆ. ಕೇಳಿದ್ದಕ್ಕೆ ನಾನು ಗಂಗವ್ವನಿಗೆ ಋಣಿ.