ಬಸ್ಸು ಕೂಗಿದರೆ ಕುರಿ ಬಂದವು

ನಮ್ಮ ರ‍್ಯಾಪ್ ಹಾಡಿಗೆ ಮೊದಲ ವಿಮರ್ಶೆ ಸಿಕ್ಕಿದ್ದು ಮಧುಗಿರಿಯ ಟೀ ಅಂಗಡಿಯಲ್ಲಿ. ಹಾಡೋ ಜಗಳವೋ ಗೊತ್ತಾಗುವುದಿಲ್ಲ ಎಂದ ಹಿರಿಯರೊಬ್ಬರು, ಪೂರ್ತಿ ಕೇಳಿದ ಮೇಲೆ ಇನ್ನೊಂದು ಸಲ ಹಾಕು ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಹಾಡು ನಾಲ್ಕು ಜನರದು. ತಾಳ ಕಟ್ಟಿದವನು ನಾನು. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ, ರೆಕಾರ್ಡಿಂಗ್ ಆದದ್ದೂ ಅಲ್ಲೇ. ಶಿರಾದ ಮೆಕ್ಯಾನಿಕ್ ಗೆಳೆಯ ಉರ್ದು ಬೆರೆಸಿ ಸಾಲು ಹೊಸೆದ. ಪಾವಗಡದ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗಿ ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ನಾಲಿಗೆಯ ಮುಂದೆ ನಮ್ಮ ಆಟವೇನೂ ನಡೆಯುವುದಿಲ್ಲ. ನಾಲ್ಕನೆಯವಳು ಕೊರಟಗೆರೆ ಕಡೆ ಕುರಿ ಸಾಕುವ ನನ್ನ ಚಿಕ್ಕಮ್ಮ. ಹಾಡಿನ ನಡುವೆ ತಾಳ ನಿಂತು, ಸಂಜೆ ಅವಳು ಮಂದೆಯನ್ನು ಕರೆಯುವ ಕೂಗೊಂದೇ ಕೇಳುತ್ತದೆ. ಇವತ್ತಿಗೂ ಆ ಜಾಗ ಬಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕುರಿ ಕರೆದವರು ಬರಿಗೈಯಲ್ಲಿ ನಿಲ್ಲಬಾರದು, ಒಂದು ಹಿಡಿ ಹುರುಳಿ ಹೊಟ್ಟಾದರೂ ಹಾಕಬೇಕು. ರೆಕಾರ್ಡಿಂಗಿಗೆ ಬಂದ ದಿನ ಚಿಕ್ಕಮ್ಮ ಮಡಿಲಲ್ಲಿ ಹೊಟ್ಟು ಕಟ್ಟಿಕೊಂಡೇ ಬಂದಿದ್ದಳು. ಒಂದೂ ಕುರಿಯಿಲ್ಲದ ಅಂಗಡಿಯಲ್ಲಿ, ಪ್ರತಿ ಸಲ ಕೂಗಿದ ಮೇಲೂ ಒಂದು ಹಿಡಿ ನೆಲಕ್ಕೆ ಹಾಕಿದಳು. ಶಿರಾದವನು ನಗುತ್ತಾ ಗುಡಿಸಿದ.

ಹಾಡು ಹೊರಬಂದ ಮೇಲೆ ಪತ್ರಿಕೆಯೊಂದರ ವಿಮರ್ಶಕರು ಪಾವಗಡದ ಹುಡುಗಿಯನ್ನು ಬಾಯ್ತುಂಬ ಹೊಗಳಿದರು. ಹಾಡಿನಲ್ಲಿ ಮೂರು ಭಾಷೆ ಬೆರೆತರೂ ಎಲ್ಲೂ ತೊಡರಿಲ್ಲ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಕುರಿ ಕರೆಯುವ ಕೂಗು ಮಾತ್ರ ಕಂಪ್ಯೂಟರಿನಲ್ಲಿ ತಯಾರಿಸಿದ್ದು, ಸಹಜವಾಗಿಲ್ಲ ಎಂದು ಬರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಓದಿ ಹೇಳಿದರೆ ಚಿಕ್ಕಮ್ಮ ಆ ಪತ್ರಿಕೆಯನ್ನು ಮಡಚಿ, ಕಡಲೆಕಾಯಿ ಕಟ್ಟಲು ಬರುತ್ತದೆಂದು ಎತ್ತಿಟ್ಟುಕೊಂಡಳು.

ವ್ಯಾಪಾರದ ಕಡೆ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಮದುವೆ ಮನೆ, ಆಟೋ, ಜೆರಾಕ್ಸ್ ಅಂಗಡಿ, ಎಲ್ಲಿ ಹೋದರೂ ಅದೇ ಹಾಡು. ಬೆಂಗಳೂರಿನ ಕಂಪನಿಯೊಂದು ಹಕ್ಕು ಕೇಳಿಕೊಂಡು ಬಂತು. ಗೊರವನಹಳ್ಳಿಗೆ ಹೋಗುವ ಖಾಸಗಿ ಬಸ್ಸುಗಳಲ್ಲಂತೂ ಮಹಾಲಕ್ಷ್ಮಿಯ ಭಕ್ತಿಗೀತೆ ಮುಗಿಯುತ್ತಿದ್ದಂತೆ ನಮ್ಮದೇ ಶುರು.

ಚಿಕ್ಕಮ್ಮನ ಕುರಿ ಮೇಯುವುದು ಆ ರಸ್ತೆಯ ಪಕ್ಕದ ಬೀಳಿನಲ್ಲಿ. ಒಂದು ಶುಕ್ರವಾರ ತಿರುವಿನಲ್ಲಿ ಬಸ್ಸು ನಿಧಾನವಾಯಿತು, ಒಳಗಿನಿಂದ ಅವಳ ಕೂಗು ಬಂತು, ಇಡೀ ಮಂದೆ ತಲೆಯೆತ್ತಿ ರಸ್ತೆಗೆ ಓಡಿತು. ಡ್ರೈವರ್ ಬ್ರೇಕ್ ಹಾಕಿದ್ದರಿಂದ ಗಬ್ಬದ ಕುರಿಯೊಂದು ಚಕ್ರಕ್ಕೆ ಸಿಗದೆ ಉಳಿದುಕೊಂಡಿತು. ಕೆಟ್ಟದ್ದು ಆಮೇಲೆ ಶುರುವಾಯಿತು. ದಿನವೂ ಬಸ್ಸಿನ ಹಿಂದೆ ಓಡಿ, ಏನೂ ಸಿಗದೆ ಹಿಂತಿರುಗಿದ ಕುರಿಗಳು ಸಂಜೆ ಅವಳೇ ನಿಂತು ಕೂಗಿದರೂ ತಲೆಯೆತ್ತುವುದನ್ನು ಬಿಟ್ಟವು. ಗುಡ್ಡದಲ್ಲಿ ಚಿರತೆ ಓಡಾಡುವ ಊರು ಅದು. ಕತ್ತಲಾಗುವುದರೊಳಗೆ ಮಂದೆ ಸೇರದಿದ್ದರೆ ಗತಿಯೇನು?

ಸುದ್ದಿ ತಿಳಿದು ನಾವು ಮೂವರೂ ಹೋದೆವು. ಹಾಡಿನಿಂದ ಕೂಗನ್ನು ತೆಗೆದುಬಿಡುತ್ತೇವೆ ಎಂದೆ. ಚಿಕ್ಕಮ್ಮ ಒಪ್ಪಲಿಲ್ಲ.

"ತಗೀಬ್ಯಾಡ ಕಣ್ಲಾ. ಅದು ಬಂದಾಗ ಜನ ಮಾತು ನಿಲ್ಸಿ ಕೇಳ್ತಾರಂತೆ, ಕಂಡಕ್ಟ್ರು ಹೇಳ್ದ. ಅದು ಜನಕ್ಕೇ ಇರ್ಲಿ ಬುಡು. ಕುರಿಗೆ ಬ್ಯಾರೆ ಕಲ್ಸ್ತೀನಿ."

ಆ ಕೂಗು ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯಿಂದ ಕಲಿತದ್ದು. ಅದನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳು. ನಾವು ಒಂದು ಸಾಲು ಯಾರಾದರೂ ಕದ್ದರೆಂದು ವಾರಗಟ್ಟಲೆ ಜಗಳವಾಡುವವರು.

ಹೊಟ್ಟು, ಬೇಲಿಸೊಪ್ಪು, ತಾಳ್ಮೆ ಎಲ್ಲ ಸುರಿದು ಅವಳು ಮಂದೆಗೆ ಹೊಸ ಕೂಗು ಕಲಿಸಿದಳು. ಮುಂಗಾರು ಬರುವ ಹೊತ್ತಿಗೆ ನಮ್ಮನ್ನು ನೋಡಲು ಕರೆದಳು. ಬೀಳಿಗೆ ಕಾಲಿಟ್ಟ ಕೂಡಲೇ, "ಫೋನೆಲ್ಲ ಚೀಲಕ್ಕಾಕ್ರಪ್ಪ" ಎಂದಳು. ಹಾಕಿದೆವು. ಅಷ್ಟರಲ್ಲಿ ಗೊರವನಹಳ್ಳಿ ಬಸ್ಸು ಬಂತು. ಕಿಟಕಿಗಳಿಂದ ಅವಳ ಹಳೆಯ ಕೂಗು ಹೊರಬಿತ್ತು. ಒಂದು ಕುರಿಯೂ ಮೇವು ಬಿಟ್ಟು ಕತ್ತೆತ್ತಲಿಲ್ಲ. ಚಿಕ್ಕಮ್ಮನ ಕೈ ಮಾತ್ರ ಮಡಿಲಿಗೆ ಹೋಗಿ, ಹೊಟ್ಟು ಹಿಡಿದು, ಅಲ್ಲೇ ನಿಂತಿತು.

ಬಸ್ಸು ಮರೆಯಾದ ಮೇಲೆ ಅವಳು ರಸ್ತೆಗೆ ಬೆನ್ನು ಹಾಕಿ ಹೊಸದನ್ನು ಕೂಗಿದಳು. ಬೀಳಿನ ಮೂಲೆಮೂಲೆಯಿಂದ ಕುರಿಗಳು ಬಂದು ಅವಳ ಸುತ್ತ ನಿಂತವು. ಹೊಸ ಕೂಗು ಹಳೆಯದಕ್ಕಿಂತ ಚೆಂದವಿತ್ತು. ಹೇಗಿತ್ತೆಂದು ಬರೆಯುವುದಿಲ್ಲ, ಅವಳಿಗೆ ಮಾತು ಕೊಟ್ಟಿದ್ದೇನೆ.