ನುವರ ಎಲಿಯದ ಚಹಾ

ಸುಳ್ಯದ ರಬ್ಬರ್ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಹಾಸಿಗೆ ಹಿಡಿದ ಮುನಿಯಾಂಡಿ ನಿನ್ನೆಯಿಂದ ನೀರನ್ನೂ ನುಂಗಿಲ್ಲ. ಇಲ್ಲಿಗೆ ಬರುವ ಮೊದಲು ಅವರು ಸಿಲೋನಿನ ಬೆಟ್ಟದಲ್ಲಿ ಚಹಾ ಎಲೆ ಕೀಳುತ್ತಿದ್ದವರು. “ಅಪ್ಪನಿಗೆ ಅಲ್ಲಿಯ ಚಾದ್ದೇ ಆಸೆ ಅಕ್ಕ, ಸ್ವಲ್ಪ ತನ್ನಿ” ಎಂದು ಮಗಳು ಸೆಲ್ವಿ ಹೇಳಿದ್ದಕ್ಕೆ, ಲಂಕೆಗೆ ಪ್ರವಾಸ ಹೋಗಿದ್ದ ನಾನು ಮರಳುವಾಗ ನುವರ ಎಲಿಯದ ಎತ್ತರದ ತೋಟದ ಒಳ್ಳೆಯ ಎಲೆಚಹಾ ತಂದಿದ್ದೆ. ಇದನ್ನಾದರೂ ಕುಡಿದಾರೆಂದು ಅವಳ ನಂಬಿಕೆ.

ಹಾಲು ಹಾಕದೆ ಸೋಸಿದಾಗ ಜೇನಿನ ಬಣ್ಣ ಬಂತು. ಹೂವಿನ ಪರಿಮಳವೂ ಇತ್ತು. ಅಥವಾ ಪೊಟ್ಟಣದ ಮೇಲೆ ಓದಿದ್ದನ್ನೇ ಮೂಸಿದೆನೋ, ಈಗ ಹೇಳಲಾರೆ.

ಸೆಲ್ವಿ ಚಮಚದಲ್ಲಿ ಕುಡಿಸಿದಳು. ಅವರು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಹೊರಗೆ ಬಿಟ್ಟರು.

“ಇದು ದೊರೆಗಳ ಚಾ. ನಮಗೆ ಕೊಡ್ತಿದ್ದದ್ದು ಫ್ಯಾಕ್ಟರಿ ಗುಡಿಸಿದ ಪುಡಿ.”

“ಎಂತ ಮಾರಾಯ್ರೆ, ಇಷ್ಟು ವರ್ಷ ನಮ್ಮ ಚಾ, ನಮ್ಮ ಚಾ ಅಂತ ತಲೆ ತಿಂದದ್ದು ಆ ಕಸಕ್ಕಾ?” ಸೆಲ್ವಿ ನಗುತ್ತಲೇ ಕಣ್ಣು ಒರೆಸಿಕೊಂಡಳು. “ಅಂಗಡಿಯ ಪುಡಿ ಒಳಗೆ ಉಂಟು. ಅದನ್ನೇ ಕುದಿಸ್ತೇನೆ.”

ಅಡುಗೆಮನೆಯಿಂದ ಕೂಗಿ ಕೇಳಿದಳು: “ಬೆಲ್ಲ ಹಾಕುದಾ ಅಪ್ಪ?”

ಅವರ ಕಣ್ಣು ಮುಚ್ಚಿತ್ತು. ತುಟಿ ಅಲುಗಲಿಲ್ಲ.

“ಹಾಕು” ಎಂದು ನಾನೇ ಹೇಳಿದೆ.