ಅಮರಪ್ಪ ಬಿಟ್ಟುಕೊಡದ ಸೀನು

ಅಮರಪ್ಪ ತೀರಿಕೊಂಡು ಇಂದಿಗೆ ಇಪ್ಪತ್ತಮೂರು ದಿನ. ಮಧ್ಯಾಹ್ನ ಊಟ ಮಾಡಿ ಶಹಾಪುರದ ಮನೆಯ ಪಡಸಾಲೆಯಲ್ಲಿ ಮಲಗಿದವನು ಏಳಲಿಲ್ಲ. ವಯಸ್ಸು ಐವತ್ತೆಂಟು. ಮರುದಿನದ ಪತ್ರಿಕೆಯ ಒಳಪುಟದಲ್ಲಿ ಹವ್ಯಾಸಿ ಪೋಷಕ ನಟ ನಿಧನ ಎಂದು ನಾಲ್ಕು ಸಾಲು ಬಂತು. ಜೊತೆಗಿದ್ದ ಫೋಟೋದಲ್ಲಿ ಅವನು ಪೊಲೀಸ್ ವೇಷದಲ್ಲಿದ್ದ. ವೇಷವಿಲ್ಲದ ಒಳ್ಳೆಯ ಫೋಟೋ ಮನೆಯವರ ಹತ್ತಿರ ಇರಲೇ ಇಲ್ಲ. ಆ ನಾಲ್ಕು ಸಾಲುಗಳಲ್ಲಿ ತಪ್ಪೇನಿಲ್ಲ, ಆದರೆ ಅಮರಪ್ಪನಿಗೆ ಅವು ಸಾಲವು.

ನಮ್ಮದು ಶಹಾಪುರ, ಸುರಪುರಗಳ ನಡುವಿನ ಒಂದು ಹಳ್ಳಿ. ಏಳನೇ ತರಗತಿಯವರೆಗೆ ಇಬ್ಬರೂ ಒಂದೇ ಶಾಲೆ. ನಮ್ಮ ಮನೆ ಮೇಲಿನ ಓಣಿಯಲ್ಲಿ, ಅವನದು ಕೆಳಗಿನ ಓಣಿಯಲ್ಲಿ, ಗೋಡೆಯ ಮೇಲೆ ಬುದ್ಧನ ಫೋಟೋ ಇರುವ ಮನೆ. ಮುಂದೆ ನಾನು ಮಾಸ್ತರನಾದೆ, ಅವನು ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾದ. ಬೇಸಿಗೆ ಬಂತೆಂದರೆ ಊರಿನ ಹುಡುಗರೆಲ್ಲ ಸೇರಿ ನಾಟಕ ಆಡುತ್ತಿದ್ದೆವು. ನಾನು ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದೆ. ಅವನು ಬಣ್ಣ ಹಚ್ಚುತ್ತಿದ್ದ.

ಮೊದಲ ಪಾತ್ರ ಕೊಂಕಲ್‌ನಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಎಪ್ಪತ್ತು ವರ್ಷದ ಕುರುಡ. ಅಲ್ಲಿಂದ ಈಚೆಗೆ ಕುಡುಕ, ಕಳ್ಳ, ಹವಾಲ್ದಾರ, ಗೌಡ, ಗೌಡನ ಆಳು, ಸುಳ್ಳು ಸಾಕ್ಷಿ ಹೇಳುವವನು, ಎಲ್ಲವೂ ಆದ. ಹೀರೊ ಮಾತ್ರ ಒಮ್ಮೆಯೂ ಆಗಲಿಲ್ಲ. ನಾನೊಮ್ಮೆ ಕೇಳಿದೆ. ಅವನು ನಕ್ಕು, "ಹೀರೊ ಅಂಬಾಂವ ಒಬ್ಬನ ಇರ್ತಾನ ಮಾಸ್ತರ. ಉಳದವ್ರು ಮಂದಿ. ನಾ ಮಂದಿ ಮಾಡ್ತೇನಿ" ಎಂದ.

ಮಂದಿಯನ್ನು ಅವನು ಕಲಿತದ್ದು ಕಚೇರಿಯಲ್ಲಿ. ಅರ್ಜಿ ಹಿಡಿದು ಬಂದವರು ಹೇಗೆ ಕೂಡುತ್ತಾರೆ ಎಂಬುದನ್ನೇ ನೋಡುತ್ತಿದ್ದ. ಒಳಗೆ ಗುರುತಿನವರಿರುವವನು ಬೆಂಚಿನ ತುಂಬ ಕೂಡುತ್ತಾನೆ. ಯಾರೂ ಇಲ್ಲದವನು ತುದಿಗೆ ಕೂಡುತ್ತಾನೆ, ಯಾವಾಗ ಎಬ್ಬಿಸುತ್ತಾರೋ ಎಂಬಂತೆ. ಹೊಸ ಹುಡುಗರು ಮಾತು ಬಾಯಿಪಾಠ ಮಾಡಿಕೊಂಡು ಬಂದರೆ, "ಮಾತು ಆಮ್ಯಾಲಪಾ. ಮೊದ್ಲು ಕುಂತು ತೋರ್ಸು" ಎನ್ನುತ್ತಿದ್ದ.

ಸುರಪುರದ ನಾಟಕವೊಂದರಲ್ಲಿ ಅವನದು ಹವಾಲ್ದಾರನ ಪಾತ್ರ. ಪರದೆ ಏಳಲು ಇನ್ನೂ ಹೊತ್ತಿತ್ತು. ವೇಷದಲ್ಲೇ ಏಜಾಜನ ಚಹಾದಂಗಡಿಗೆ ಹೋದ. ಹಿಂದಿನ ಬೆಂಚಿನಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಚಪ್ಪಲಿ ಬಿಟ್ಟು ಗೋಡೆ ಹಾರಿದರು. ಏಜಾಜ ಕೈ ಮುಗಿದು, "ಸಾಹೇಬ್ರ, ನಂದೇನೂ ಇಲ್ರಿ, ಇವ್ರು ಯಾರಂತ ನನಗ ಗೊತ್ತಿಲ್ರಿ" ಅಂದ. ಅಮರಪ್ಪ ಬೆಂಚಿನ ಮೇಲೆ ಕೂತು ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿದ. "ಈ ಎಲಿ ಇಟ್ಕೊಂಡು ಓಡಿ ಹೋಗ್ಯಾರಲ್ಲೋ, ಗೆಲ್ಲೋ ಆಟ ಇತ್ತು. ಒಂದು ಚಾ ಕೊಡು" ಎಂದ. ಧ್ವನಿಯಿಂದ ಗುರುತು ಹಿಡಿದ ಏಜಾಜ ಚಹಾ ಕೊಟ್ಟ, ಬೈಗುಳವನ್ನೂ ಕೊಟ್ಟ.

ಬೋನಾಳದಲ್ಲಿ ತಾಯಿಯ ಪಾತ್ರಕ್ಕೆ ಬರಬೇಕಾದ ಕಲಾವಿದೆಗೆ ಬಸ್ಸು ತಪ್ಪಿತು. ಅಮರಪ್ಪ ಯಾರನ್ನೂ ಕೇಳಲಿಲ್ಲ, ಹೋಗಿ ಮೀಸೆ ಬೋಳಿಸಿಕೊಂಡು ಬಂದು ಸೀರೆ ಉಟ್ಟ. ಮರುದಿನ ಹೆಂಡತಿ ಯಶೋಧರಾ ಬಾಗಿಲಲ್ಲೇ ನಿಲ್ಲಿಸಿದಳು. "ಯಾರ್ರಿ ನೀವು? ನಮ್ಮ ಅತ್ತಿ ತಂಗ್ಯಾರೇನು?" ಅಮರಪ್ಪ ಸೆರಗು ಎಳೆದುಕೊಳ್ಳುವ ಹಾಗೆ ಕೈ ಮಾಡಿ, "ಹೌದವ್ವ. ನಿನ್ನ ಗಂಡ ಭಾಳ ಚಲೋ ಮನಷ್ಯಾ, ಚಂದಂಗ ನೋಡ್ಕೊ" ಎಂದ. ಮೀಸೆ ಮತ್ತೆ ಬರುವವರೆಗೂ ಆ ಮನೆಯಲ್ಲಿ ಅದೇ ಮಾತು.

ಇವೆಲ್ಲ ಎಲ್ಲರೂ ಹೇಳಿ ನಗುವ ಕತೆಗಳು. ನಾನು ಹೇಳಲೇಬೇಕಾದ ಕತೆ ಬೇರೆಯಿದೆ, ಏಕೆಂದರೆ ಅದರಲ್ಲಿ ತಪ್ಪು ನನ್ನದು.

ಹದಿಮೂರು ವರ್ಷದ ಹಿಂದೆ ನಾನೇ ಒಂದು ನಾಟಕ ಬರೆದೆ. ತಂದೆಯನ್ನು ಮನೆಯಿಂದ ಹೊರಗೆ ಹಾಕಿದ ಮಗ ಕೊನೆಗೆ ತಿರುಗಿ ಬಂದು ಅವನ ಕಾಲಿಗೆ ಬೀಳುತ್ತಾನೆ. ತಂದೆ ಅವನನ್ನು ಎಬ್ಬಿಸಿ ಒಂದು ಮಾತು ಹೇಳುತ್ತಾನೆ. ತಂದೆಯ ಪಾತ್ರ ಅಮರಪ್ಪನದು. ಮಗನ ಪಾತ್ರ ಮಹೇಶಕುಮಾರನದು, ಊರಿನ ಹತ್ತಿ ವ್ಯಾಪಾರದ ಮನೆಯ ಹುಡುಗ. ಆ ಮನೆಯವರು ಕೆಳಗಿನ ಓಣಿಯವರ ಕೈಯಿಂದ ನೀರು ಕುಡಿಯುವವರಲ್ಲ.

ತಾಲೀಮು ಶುರುವಾದ ಮೂರನೇ ದಿನ ಹುಡುಗನ ದೊಡ್ಡಪ್ಪ ಶಾಲೆಗೆ ಬಂದರು. "ನಾಟಕ ಚಲೋ ಅದ ಮಾಸ್ತರ. ಆದ್ರ ನಮ್ಮ ಹುಡುಗ ಆ ಅಮರ್ಯಾನ ಕಾಲಿಗೆ ಬೀಳೂದು ನಾಲ್ಕು ಮಂದಿ ಮುಂದ ಚಂದ ಕಾಣಂಗಿಲ್ಲ. ಅದೊಂದು ತಗೀರಿ" ಅಂದರು. ಅವರು ಹೋದ ಮೇಲೆ ನಾನು ಕೆಂಪು ಪೆನ್ನಿನಿಂದ ಕಾಲಿಗೆ ಬೀಳುವುದನ್ನೂ ತಂದೆಯ ಮಾತನ್ನೂ ಹೊಡೆದು ಹಾಕಿದೆ. ಕೈ ಮುಗಿಯುತ್ತಾನೆ ಎಂದು ಮೇಲೆ ಬರೆದೆ.

ಸಂಜೆ ಅಮರಪ್ಪ ಪುಸ್ತಕ ತೆಗೆದು ನೋಡಿದ.

"ಈ ಗೀಟು ಯಾರು ಹೊಡದಾರ?"

"ನಾನ."

"ಪೆನ್ನು ನಿಂದು. ಕೈ ಯಾರ್ದು?"

ಹುಡುಗನ ದೊಡ್ಡಪ್ಪ ಬಂದು ಹೋದದ್ದನ್ನು ಹೇಳಿದೆ. ಅವನು ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಕೈ ಮುಗದು ನಿಂತಾವನ್ನ ಹೆಂಗ ಎಬ್ಬಸ್ಲಿ ಮಾಸ್ತರ? ಬಿದ್ದಾವನ್ನ ಎಬ್ಬಸ್ಬೇಕು. ಎಬ್ಬಸೂ ಹೊತ್ತಿಗೇನ ಆ ಮಾತು ಬರಬೇಕು. ಅದಿಲ್ಲಂದ್ರ ಈ ಮುದುಕ ಮೂರು ತಾಸು ಯಾಕ ಕುಂತಿದ್ದ?"

"ಒಂದು ಸೀನಿಗೆ ನಾಟಕ ನಿಲ್ತದೇನು?"

"ನಿಂದು ನಿಲ್ಲಂಗಿಲ್ಲ. ನಂದು ನಿಲ್ತದ."

ಪಾತ್ರ ಬಿಡುತ್ತಾನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬಿಟ್ಟರೆ ನನಗೂ ಸುಲಭ ಎಂದುಕೊಂಡೆ. ಮರುದಿನ ಎಲ್ಲರಿಗಿಂತ ಮೊದಲು ಅವನೇ ಬಂದು ಕೂತಿದ್ದ. "ಬಿಟ್ರ ಇದು ದೊಡ್ಡಪ್ಪಂದು ನಾಟಕ ಆಗ್ತದ" ಎಂದ. ಅವತ್ತಿನಿಂದ ಪ್ರತಿ ತಾಲೀಮಿನಲ್ಲೂ ಆ ಜಾಗ ಬಂದಾಗ ಅವನು ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ. ಒಬ್ಬ ಮನುಷ್ಯ ಬಿದ್ದು ಏಳಲು ಎಷ್ಟು ಹೊತ್ತು ಬೇಕೋ ಅಷ್ಟು. ಆಮೇಲೆ ಮುಂದುವರಿಸುತ್ತಿದ್ದ. ಹುಡುಗರು ನನ್ನ ಮುಖ ನೋಡುತ್ತಿದ್ದರು. "ಮಾಸ್ತರ ಗೀಟು ಹೊಡದಾನ. ಜಾಗಾ ಅಲ್ಲೇ ಅದ" ಎಂದು ಅವರಿಗೆ ಹೇಳುತ್ತಿದ್ದ. ಇಪ್ಪತ್ತು ದಿನ ಹೀಗೇ ನಡೆಯಿತು. ಅಷ್ಟು ದಿನವೂ ಮಹೇಶಕುಮಾರ ಆ ಖಾಲಿ ಹೊತ್ತಿನಲ್ಲಿ ಕೈ ಮುಗಿದು ನಿಂತಿರಬೇಕಾಗಿತ್ತು. ಮೊದಮೊದಲು ನಗುತ್ತಿದ್ದ, ಬರಬರುತ್ತ ನಗು ಬಿಟ್ಟ.

ನಾಟಕದ ದಿನ ಊರೆಲ್ಲ ಸೇರಿತ್ತು. ನಮ್ಮ ಕಡೆ ನಾಟಕದ ನಡುವೆಯೇ ಆಹೇರಿ ಮಾಡುತ್ತಾರೆ. ಪಾತ್ರಧಾರಿಯ ಬಂಧುಗಳು ಟಾವೆಲ್ಲು, ಅಂಗಿಬಟ್ಟೆ, ತೆಂಗಿನಕಾಯಿ ಹಿಡಿದು ನೇರ ಸ್ಟೇಜಿಗೇ ಬರುತ್ತಾರೆ. ಸಾಯುತ್ತ ಬಿದ್ದಿರುವವನೂ ಎದ್ದು ಟಾವೆಲ್ಲು ಹೊದಿಸಿಕೊಂಡು ಮತ್ತೆ ಬಿದ್ದುಕೊಂಡು ಸಾಯುತ್ತಾನೆ. ಆ ದಿನ ಸರಿಯಾಗಿ ಕೊನೆಯ ಸೀನಿನಲ್ಲಿ, ಮಗ ತಿರುಗಿ ಬಂದು ನಿಂತಾಗ, ಮಹೇಶಕುಮಾರನ ಅಜ್ಜಿ ಗೊಲ್ಲಾಳಮ್ಮ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಎಂಬತ್ತು ದಾಟಿದ ಮುದುಕಿ. ನಾಟಕ ಶುರುವಾದಾಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಕೂತವಳು. ಮೊಮ್ಮಗನಿಗೆ ಟಾವೆಲ್ಲು ಹೊದಿಸಿದಳು. ಕೆಳಗೆ ಇಳಿಯುವ ಬದಲು ಕುರ್ಚಿಯಲ್ಲಿದ್ದ ತಂದೆಯನ್ನು ನೋಡಿದಳು, ಮತ್ತೆ ಮೊಮ್ಮಗನನ್ನು ನೋಡಿದಳು. ಮೈಕು ಅವಳ ಬಾಯಿಯ ಮುಂದೆಯೇ ಇತ್ತು.

"ಏ ಮಾಯೇಶ, ಹೆತ್ತ ಅಪ್ಪ ಹಂಗ ಕಣ್ಣೀರು ಹಾಕ್ಕೋತ ಕುಂತಾನ, ನೀ ಕಂಬ ನಿಂತಂಗ ನಿಂತೀಯಲ್ಲೋ ಭಾಡ್ಯಾ! ಕಾಲಿಗೆ ಬೀಳು!"

ಜನ ಹೋ ಎಂದು ಕೂಗಿದರು, ಸೀಟಿ ಹೊಡೆದರು. ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಅರ್ಧ ಎದ್ದು ನಿಂತರು. ಮಹೇಶಕುಮಾರ ಒಮ್ಮೆ ಅವರನ್ನು, ಒಮ್ಮೆ ಅಜ್ಜಿಯನ್ನು ನೋಡಿದ. ಅಮರಪ್ಪನಿಗೆ ಬೇಕಾದದ್ದು ಈಗ ಕೈಗೇ ಬಂದಿತ್ತು. ಅವನು ಮಾತ್ರ ಪಾತ್ರದಿಂದ ಕದಲದೆ, ಅದೇ ಮುದುಕನ ಧ್ವನಿಯಲ್ಲಿ, "ಬ್ಯಾಡ ಬಿಡವ್ವ. ಮಂದಿ ಹೇಳಿ ಬೀಳಸಿದ್ರ ಅದು ಬಿದ್ದಂಗಲ್ಲ. ನೀ ಇಳದು ಕೂಡು, ನಾವು ಅಪ್ಪ ಮಗ ನೋಡ್ಕೋತೀವಿ" ಎಂದ.

ಗೊಲ್ಲಾಳಮ್ಮ ತಲೆಯಾಡಿಸಿ ಇಳಿದಳು. ಗದ್ದಲ ಅಡಗಿತು. ಅಮರಪ್ಪ ತಾಲೀಮಿನಲ್ಲಿ ಕಾಯುತ್ತಿದ್ದ ಹಾಗೆಯೇ ಕಾದ. ನಾನು ಪರದೆಯ ಹಿಂದಿನಿಂದ "ಅಪ್ಪಾ, ತಪ್ಪಾಯಿತು" ಎಂದು ಮಹೇಶಕುಮಾರನಿಗೆ ಎತ್ತಿಕೊಟ್ಟೆ. ಅವನು ಆ ಮಾತು ಆಡಲಿಲ್ಲ. ಟಾವೆಲ್ಲು ಕೆಳಗೆ ಜಾರಿತು. ಬಾಗಿ, ಎರಡೂ ಮೊಣಕಾಲು ಊರಿ, ಅಮರಪ್ಪನ ಪಾದಗಳ ಮೇಲೆ ಹಣೆಯಿಟ್ಟ.

ಮುಂದಿನ ಮಾತು ನನ್ನ ಪುಟದಲ್ಲಿ ಕೆಂಪು ಗೀಟಿನ ಕೆಳಗಿತ್ತು, ಓದಲು ಬರುತ್ತಿರಲಿಲ್ಲ. ಬರೆದವನಾದ ನನಗೇ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅಮರಪ್ಪ ಎರಡೂ ತೋಳು ಹಿಡಿದು ಹುಡುಗನನ್ನು ನಿಧಾನವಾಗಿ ಎಬ್ಬಿಸಿದ. "ಏಳು ಮಗನ. ಇವತ್ತು ಬಾಗಿದ್ದು ಸಾಕು. ಇನ್ನ ಯಾರ ಮುಂದೂ ಬಾಗಬ್ಯಾಡ, ಯಾರನ್ನೂ ಬಾಗಸಬ್ಯಾಡ." ಕೊನೆಯ ಎರಡು ಪದ ನಾನು ಬರೆದದ್ದಲ್ಲ. ಕೆಳಗಿನ ಓಣಿಯ ಹೆಂಗಸರು ಕೂತ ಕಡೆಯಿಂದ ಮೊದಲ ಚಪ್ಪಾಳೆ ಬಂತು. ದೊಡ್ಡಪ್ಪ ಎದ್ದು ಹೋದರು. ಗೊಲ್ಲಾಳಮ್ಮ ಹೋಗಲಿಲ್ಲ.

ಬಣ್ಣ ತೆಗೆಯುವಾಗ ಮಹೇಶಕುಮಾರ ಬಂದು ಬಾಗಿಲಲ್ಲಿ ನಿಂತ. "ಸೀನ್ ಬರೋಬ್ಬರಿ ಬಂತೇನ್ರಿ ಸರ್?"

ಅಮರಪ್ಪ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಂತಪಾ. ಆದ್ರ ಎರಡೂ ಮೊಣಕಾಲು ಒಮ್ಮೆಲೆ ಊರಿದಿ. ಮೊದ್ಲು ಒಂದು ಊರು. ಎಬ್ಬಸಾಂವ್ಗೂ ಹಗುರಾಗ್ತದ."

ಮುಂದಿನ ಬೇಸಿಗೆ ನಮ್ಮೂರ ಕಮಿಟಿಯವರು ಅವನಿಗೆ ಕುಡುಕನ ಪಾತ್ರ ಕೊಟ್ಟರು. ಮಾಡಿದ, ಜನ ಬಿದ್ದು ಬಿದ್ದು ನಕ್ಕರು. ಅದೇ ತಿಂಗಳು ಸುರಪುರದಿಂದ ಫೋನು ಬಂತು. ಆ ತಂದೆಯ ಪಾತ್ರ ತಮ್ಮಲ್ಲೂ ಮಾಡಬೇಕು ಎಂದರು. ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಅವನು ತಾರೀಖು ಕೇಳಲಿಲ್ಲ, ಊಟ ವಸತಿ ಕೇಳಲಿಲ್ಲ. "ಬರ್ತೇನ್ರಿ. ಆದ್ರ ನಾಟಕ ಪೂರ್ತಿ ಅದನೋ ಇಲ್ಲೋ, ಬರದವ್ರನ್ನ ಕೇಳ್ರಿ" ಎಂದು ಫೋನು ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತ ಕೂತ.

"ಪೂರ್ತಿ ಅದ್ರಿ," ಎಂದೆ. "ಒಂದು ಅಕ್ಷರ ಕಮ್ಮಿ ಆಗಂಗಿಲ್ಲ."